ಒಂಬತ್ತನೇ ನಂಬರಿನ ಗುಂಡಿಗೆ

ಮೊಳಕಾಲ್ಮೂರು
9-11-2024, ಶನಿವಾರ

ರೇಣಿ,

ಮೊದಲು ಒಲೆ ಸಣ್ಣಗೆ ಮಾಡಿ ಕೂತುಕೋ. ಒಗ್ಗರಣೆ ಹಾಕುತ್ತ ನನ್ನ ಕಾಗದ ಓದಿ ಹಾಸ್ಟೆಲಿನ ಎಪ್ಪತ್ತು ಹುಡುಗಿಯರ ಸಾರು ಸೀಯಿಸಬೇಡ. ಆ ಪಾಪ ನನಗೆ ಬೇಡ.

ಹೋದ ತಿಂಗಳು ನೀನು ಬಂದಿದ್ದಾಗ ನಮ್ಮ ನೇಕಾರರ ಸಂಘದ ಶೆಡ್ಡಿಗೆ ಎಕ್ಸ್‌ರೇ ವ್ಯಾನು ಬಂದಿತ್ತಲ್ಲ, ಪುಕ್ಕಟೆ ಎಂದು ಇಬ್ಬರೂ ಎದೆಯ ಫೋಟೋ ತೆಗೆಸಿಕೊಂಡೆವಲ್ಲ, ಅದರ ಫಲಿತಾಂಶ ನಿನ್ನೆ ಬಂತು. ಆಶಾ ಕಾರ್ಯಕರ್ತೆ ತೇಜಶ್ರೀ ಎರಡೂ ಲಕೋಟೆಗಳನ್ನು ಮನೆಗೇ ತಂದುಕೊಟ್ಟಳು. ನಿನ್ನ ಹೆಸರಿನದರಲ್ಲಿ ಏನೂ ತೊಂದರೆ ಇಲ್ಲವಂತೆ. ನನ್ನ ಹೆಸರಿನದರಲ್ಲಿ ಹೃದಯ ಹಿಗ್ಗಿದೆ, ತಜ್ಞರಿಗೆ ತೋರಿಸಿ ಎಂದು ಬರೆದಿದ್ದಾರೆ. ಪಾಪದ ಹುಡುಗಿ ನನ್ನ ಕಿವಿಯ ಹತ್ತಿರ ಬಂದು ಕೂಗಿ ಕೂಗಿ ಸಾಕಾಗಿ, ಕೊನೆಗೆ ನನ್ನ ಸ್ಲೇಟಿನ ಮೇಲೆ ಬರೆದು ತೋರಿಸಿದಳು. ಕಿವಿ ಹೋಗಿ ಆರು ವರ್ಷವಾಯಿತು. ಆ ಸ್ಲೇಟಿನ ಮೇಲೆ ಇಂಥ ಸುದ್ದಿ ಬಂದದ್ದು ಇದೇ ಮೊದಲು.

ನನಗೆ ಏನೂ ಆಗಿಲ್ಲ. ಊಟ ಸೇರುತ್ತದೆ, ನಿದ್ದೆ ಬರುತ್ತದೆ, ಮುರುಗೇಂದ್ರಪ್ಪನವರು ನೇಯಲು ಕೊಟ್ಟ ಮದುವೆ ಸೀರೆ ಮಗ್ಗದ ಮೇಲೆ ದಿನಕ್ಕೆ ಒಂದು ಮೊಳ ಏರುತ್ತಿದೆ. ಆ ಲಕೋಟೆಯಿಂದ ಕಪ್ಪು ಹಾಳೆಯನ್ನು ನಾನು ಹೊರಗೆ ತೆಗೆದೇ ಇಲ್ಲ. ನನ್ನ ಎಲುಬು ನಾನೇ ನೋಡಿಕೊಳ್ಳುವ ಹಾಳು ಆಸೆ ನನಗಿಲ್ಲ. ಅಕ್ಕಿ ಡಬ್ಬದ ಹಿಂದೆ ಸಿಕ್ಕಿಸಿದ್ದೇನೆ.

ನಿನಗೆ ಹೇಳದೆ ಇರಬಾರದೆಂದು ಹೇಳಿದ್ದೇನೆ, ಅಷ್ಟೆ. ರಾಜಣ್ಣನವರ ಕಿವಿಗೆ ಹಾಕಬೇಡ. ನಿನ್ನ ಗಂಡನಿಗೆ ಒಂದು ಮಾತು ಗೊತ್ತಾದರೆ ಲಾರಿ ನಿಲ್ಲಿಸಿದ ಊರಲ್ಲೆಲ್ಲ ಇಳಿಸಿ ಬರುತ್ತಾರೆ. ಈ ಕಾಗದವನ್ನು ಎಂದಿನಂತೆ ಪ್ರೈವೇಟ್ ಬಸ್ಸಿನ ಕಂಡಕ್ಟರ್ ಬಾಲರಾಜನ ಕೈಗೆ ಕೊಡುತ್ತೇನೆ. ಅವನಿಗೆ ಒಂದು ಲೋಟ ಮಜ್ಜಿಗೆಯನ್ನಾದರೂ ಕೊಡು. ಹೋದ ಸಲ ನೀರೂ ಕೊಡಲಿಲ್ಲವಂತೆ.

ನಿನ್ನ ಅಕ್ಕ,
ದುರುಗಮ್ಮ

ಚಳ್ಳಕೆರೆ
11-11-2024

ಅಕ್ಕಾ,

ಏನೂ ಆಗಿಲ್ಲ ಎಂದು ಬರೆಯಲು ನಿನಗೆ ಕೈಯಾದರೂ ಹೇಗೆ ಬಂತು? ಹೃದಯ ಹಿಗ್ಗಿದೆಯಂತೆ, ಇವಳು ಲಕೋಟೆಯನ್ನು ಅಕ್ಕಿ ಡಬ್ಬದ ಹಿಂದೆ ಇಟ್ಟಿದ್ದಾಳಂತೆ! ನಾನು ಈರುಳ್ಳಿ ಹೆಚ್ಚುತ್ತಿದ್ದೆ, ಅದೊಂದು ಪುಣ್ಯ. ಅಡುಗೆಮನೆಯಲ್ಲಿ ಯಾರೂ ಯಾಕೆ ಅಳುತ್ತೀಯ ಎಂದು ಕೇಳಲಿಲ್ಲ.

ಈಗ ನಾನು ಹೇಳಿದಂತೆ ಕೇಳಬೇಕು. ಉಪ್ಪಿನಕಾಯಿ ಮುಟ್ಟಬೇಡ. ಹಪ್ಪಳ ಸಂಡಿಗೆ ಯಾರಾದರೂ ಕೊಟ್ಟರೆ ತೇಜಶ್ರೀಗೆ ಕೊಟ್ಟುಬಿಡು. ಕೊಡ ಹೊರಬೇಡ. ಆ ಹಾಳು ಗುಂಡಿ ಮಗ್ಗದಿಂದ ಮೇಲೆದ್ದು ಬಾ, ಮದುವೆ ಹುಡುಗಿ ಬೇರೆ ಸೀರೆ ಉಡುತ್ತಾಳೆ. ನಮ್ಮ ವಾರ್ಡನ್ ಮೇಡಂ ಅವರ ತಂದೆಗೂ ಹೀಗೇ ಆಗಿತ್ತಂತೆ. ಉಪ್ಪು ಬಿಟ್ಟು, ಮಾತ್ರೆ ನುಂಗಿ ಹನ್ನೆರಡು ವರ್ಷ ಬದುಕಿದರಂತೆ. ನೀನು ಇಪ್ಪತ್ತು ವರ್ಷ ಬದುಕಬೇಕು.

ಆ ವ್ಯಾನಿನ ದಿನ ನೆನೆದರೆ ನನ್ನ ಮೇಲೇ ಸಿಟ್ಟು ಬರುತ್ತದೆ. ಬೆಳಿಗ್ಗೆಯೇ ಹೋಗಿ ಒಂಬತ್ತನೇ ನಂಬರಿನ ಚೀಟಿ ತೆಗೆದುಕೊಂಡವಳು ನೀನು. ನನಗೆ ಸಿಕ್ಕಿದ್ದು ಐವತ್ತೆರಡು. ನನ್ನ ಬಸ್ಸು ತಪ್ಪುತ್ತದೆಂದು ನಿನ್ನ ಚೀಟಿ ನನ್ನ ಕೈಗೆ ತುರುಕಿ, ನನ್ನದನ್ನು ಇಟ್ಟುಕೊಂಡು ಮಧ್ಯಾಹ್ನದ ತನಕ ಹಸಿದ ಹೊಟ್ಟೆಯಲ್ಲಿ ನಿಂತೆಯಂತೆ. ಹಾಗೆ ನಿಂತರೆ ಯಾರ ಎದೆ ತಾನೆ ತಡೆಯುತ್ತದೆ? ನನ್ನದೋ, ಆ ಎಕ್ಸ್‌ರೇ ಹುಡುಗನ ಜೊತೆ ಜಗಳದಲ್ಲೇ ಮುಗಿಯಿತು. ತಾಳಿ ತೆಗೆದಿಡು ಎಂದ. "ಗಂಡ ಗಟ್ಟಿಯಾಗವ್ನೆ ಕಣಪ್ಪ, ಸತ್ತಾಗ ಹೇಳ್ತೀನಿ ಬಾ" ಎಂದೆ. ಇಡೀ ಸಾಲು ನಕ್ಕಿತು. ಅವನು ಹಣೆ ಚಚ್ಚಿಕೊಂಡು ಹಾಗೇ ತೆಗೆದ.

ನನ್ನ ಚಿಂತೆ ನಿನಗೆ ಬೇಡ. ಬರೆದು ಕೊಟ್ಟಿದ್ದಾರಲ್ಲ, ಕಲ್ಲುಗುಂಡಿನ ಹಾಗಿದ್ದೇನೆ. ಸ್ವಲ್ಪ ದಪ್ಪ ಆಗಿದ್ದೇನೆ ಅನಿಸುತ್ತದೆ, ಚಪ್ಪಲಿ ಬಿಗಿಯಾಗಿ ಒಂದು ನಂಬರು ದೊಡ್ಡದು ಕೊಂಡೆ. ಈಗ ಮುದ್ದೆಯನ್ನು ಜೊತೆಯ ಅಡುಗೆಯವಳು ಸೂರಮ್ಮ ತಿರುವುತ್ತಾಳೆ, ನಾನು ಸಾರು ಪಲ್ಯ ನೋಡಿಕೊಳ್ಳುತ್ತೇನೆ. ಅವಳ ರಟ್ಟೆಗೂ ಕೆಲಸ ಬೇಡವೇ?

ಉಪ್ಪಿಲ್ಲದ ಚಟ್ನಿಪುಡಿ ಕಳಿಸಿದ್ದೇನೆ. ಮೂಗು ಮುರಿಯದೆ ತಿನ್ನು. ಬಾಲರಾಜನಿಗೆ ಮಜ್ಜಿಗೆ ಅಲ್ಲ, ಊಟವನ್ನೇ ಹಾಕಿದೆ. ನೀರೂ ಕೊಡಲಿಲ್ಲ ಎಂದು ಚಾಡಿ ಹೇಳಿದ್ದಕ್ಕೆ ಎರಡು ಮಾತು ಬೈದೂ ಕಳಿಸಿದೆ.

ರೇಣುಕ

ಮೊಳಕಾಲ್ಮೂರು
15-11-2024

ರೇಣಿ,

ನಿನ್ನ ಚಟ್ನಿಪುಡಿಯನ್ನು ಗೋಡೆಗೆ ಬಳಿಯಬಹುದು. ಆದರೂ ಮೂರು ದಿನದಿಂದ ಅದನ್ನೇ ತಿನ್ನುತ್ತಿದ್ದೇನೆ, ಸಮಾಧಾನವೇ?

ಮಗ್ಗ ಬಿಡು ಎಂದು ಸುಲಭವಾಗಿ ಬರೆದೆ. ಹಾಸು ನೂಲು ಕಟ್ಟಿದ ಮಗ್ಗವನ್ನು ಅರ್ಧಕ್ಕೆ ಬಿಟ್ಟು ಏಳುವುದು ನನ್ನಿಂದಾಗದು. ಆದರೆ ಒಂದು ನಿಜ ಹೇಳುತ್ತೇನೆ, ನಗಬೇಡ. ಆ ಲಕೋಟೆ ಬಂದ ಮೇಲೆ ಲಾಳಿ ಎಸೆಯುವಾಗಲೆಲ್ಲ ಎದೆಯ ಮೇಲೆ ಗಮನ ಹೋಗುತ್ತದೆ. ನನಗೆ ಹೊರಗಿನ ಸದ್ದು ಯಾವುದೂ ಇಲ್ಲವಲ್ಲ, ಒಳಗಿನದು ಮಾತ್ರ ದಬದಬ ಅನ್ನುತ್ತದೆ. ಮೊದಲೂ ಹೀಗೇ ಅನ್ನುತ್ತಿತ್ತೋ ಈಗ ಶುರುವಾಯಿತೋ ತಿಳಿಯುತ್ತಿಲ್ಲ. ನನಗೆ ಹೆದರಿಕೆಯಾಗಿದೆ ರೇಣಿ. ನಿನ್ನ ಭಾವ ಸತ್ತಾಗಲೂ ನಾನು ಇಷ್ಟು ಹೆದರಿರಲಿಲ್ಲ. ಆಗ ಸಾಯುತ್ತಿದ್ದದ್ದು ನಾನಲ್ಲ, ಅದಕ್ಕೇ ಇರಬೇಕು.

ನನಗೇನಾದರೂ ಆದರೆ ಸೆರಗಿನ ಕೆಲಸವನ್ನು ದೇವಸಮುದ್ರದ ನಮ್ಮ ಚಿಕ್ಕಮ್ಮನ ಮಗಳು ಪವಿತ್ರಳ ಕೈಲಿ ಮಾಡಿಸಲು ಮುರುಗೇಂದ್ರಪ್ಪನವರಿಗೆ ಹೇಳು. ಬೇರೆಯವರು ಮುಟ್ಟಿದರೆ ಬುಟ್ಟಾ ಓರೆಯಾಗುತ್ತದೆ.

ಸಾಯುವ ಮಾತು ಬರೆದೆನೆಂದು ಹಾಸ್ಟೆಲಿನಲ್ಲಿ ಮತ್ತೆ ಈರುಳ್ಳಿ ಹೆಚ್ಚಬೇಡ.

ಅಕ್ಕ

ಚಳ್ಳಕೆರೆ
18-11-2024

ಅಕ್ಕಾ,

ನಿನ್ನ ಕಾಗದ ಓದಿ ನೇರ ಸ್ನಾನ ಮಾಡಿ ಒದ್ದೆ ಸೀರೆಯಲ್ಲೇ ಹರಕೆ ಹೊತ್ತುಬಿಟ್ಟೆ. ನಮ್ಮಕ್ಕನ ಎದೆ ಸರಿಮಾಡವ್ವ, ಚಳ್ಳಕೆರೆಯಿಂದ ಗೌರಸಮುದ್ರದ ತನಕ ಬರಿಗಾಲಲ್ಲಿ ನಡೆದು ಬಂದು ನಿನಗೆ ಬೇವಿನ ಸೊಪ್ಪಿನ ಸೀರೆ ಉಡಿಸುತ್ತೇನೆ ಎಂದು ಮಾರಮ್ಮನಿಗೆ ಹೇಳಿದ್ದೇನೆ. ಒಳ್ಳೆಯ ಮಂಗಳವಾರ ನೋಡಿ ಹೊರಡುತ್ತೇನೆ. ಬೇಡ ಅನ್ನಬೇಡ. ಹೊತ್ತ ಹರಕೆ ಬಿಟ್ಟರೆ ನಿನಗೇ ಕೆಟ್ಟದ್ದು.

ದೇವರ ಕೆಲಸ ನನ್ನದು, ಡಾಕ್ಟರ ಕೆಲಸ ನಿನ್ನದು. ಸೀರೆ ಮುಗಿಯಲಿ ಎಂದು ಕೂರಬೇಡ. ರಾಯದುರ್ಗ ಅಲ್ಲೇ ಆಂಧ್ರದ ಗಡಿ ದಾಟಿದರೆ ಇದೆ, ಒಂದು ಗಂಟೆಯ ದಾರಿಯೂ ಅಲ್ಲ. ತೇಜಶ್ರೀಯನ್ನು ಕರೆದುಕೊಂಡು ಹೋಗು. ಲಕೋಟೆ ಮರೆಯಬೇಡ.

ಬೆಳಗಿನ ಜಾವ ಕೆಮ್ಮು ಬಂದು ಎದ್ದು ಕೂತು ಇದನ್ನು ಬರೆಯುತ್ತಿದ್ದೇನೆ. ಚಳಿಗೆ ಎಲ್ಲರಿಗೂ ಕೆಮ್ಮು. ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುವುದು ರೂಢಿಯಾಗಿಬಿಟ್ಟಿದೆ. ರಾಜಣ್ಣ ನನ್ನನ್ನು ಬಸ್ಸಿನ ಪ್ಯಾಸೆಂಜರು ಅನ್ನುತ್ತಾರೆ.

ರೇಣುಕ

ಮೊಳಕಾಲ್ಮೂರು
22-11-2024

ರೇಣಿ,

ರಾಯದುರ್ಗಕ್ಕೆ ಹೋಗಿ ಬಂದೆ. ಡಾಕ್ಟರು ಒಳ್ಳೆಯವರು. ಫೋಟೋವನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿ ಸ್ಕೇಲು ಹಿಡಿದು ಅಳೆದರು. ಎದೆಗೂಡಿನ ಅಗಲದಲ್ಲಿ ಅರ್ಧಕ್ಕಿಂತ ಹೆಚ್ಚು ಜಾಗವನ್ನು ಗುಂಡಿಗೆ ಹಿಡಿಯಬಾರದಂತೆ. ಅಲ್ಲಿ ಅರ್ಧ ದಾಟಿತ್ತು. ಆದರೆ ಫೋಟೋದಲ್ಲಿ ಕಾಣುವುದು ನೆರಳು ಮಾತ್ರವಂತೆ. ಉಸಿರು ಪೂರ್ತಿ ಎಳೆಯದೆ ನಿಂತರೂ, ಮಲಗಿಸಿ ತೆಗೆದರೂ ದೊಡ್ಡದಾಗಿ ಕಾಣಬಹುದಂತೆ. ನಿಜವಾಗಿ ಹಿಗ್ಗಿದ್ದರೂ ಅದೇ ಒಂದು ಕಾಯಿಲೆ ಅಲ್ಲವಂತೆ, ಬೇರೇನೋ ಇದೆ ಎಂಬುದಕ್ಕೆ ಗುರುತಂತೆ. ಬಿ.ಪಿ. ಇರಬಹುದು, ರಕ್ತ ಕಡಿಮೆ ಇರಬಹುದು, ಒಳಗಿನ ಕವಾಟ ಕೆಟ್ಟಿರಬಹುದು. ಎಕೋ ಎಂಬ ಪರೀಕ್ಷೆ ಮಾಡಿದರೆ ಗೊತ್ತಾಗುತ್ತದಂತೆ. ಸೂಜಿ ಇಲ್ಲ, ನೋವಿಲ್ಲ.

ಅದಕ್ಕೆ ಚಿತ್ರದುರ್ಗಕ್ಕೆ ಹೋಗಬೇಕು. ಜೊತೆಗೆ ನೀನು ಬರಬೇಕು. ಒಡಹುಟ್ಟಿದವರೂ ಒಮ್ಮೆ ಮಾಡಿಸಿಕೊಂಡರೆ ಒಳ್ಳೆಯದಂತೆ. ಎರಡು ದಿನ ರಜೆ ಹಾಕು.

ಚಿಕ್ಕದೊಂದು ಕೇಳಬೇಕಿತ್ತು. ನಿನ್ನ ಕಾಲು ಸಂಜೆಗೆ ಊದುತ್ತದೆಯೇ? ಬೆರಳಿನಿಂದ ಒತ್ತಿದರೆ ಗುಳಿ ಬೀಳುತ್ತದೆಯೇ? ನೀರಿನ ಕ್ಯಾನು ಎತ್ತಿದರೆ ಉಸಿರು ಕಟ್ಟುತ್ತದೆಯೇ? ಸುಮ್ಮನೆ ಕೇಳಿದೆ. ಸುಳ್ಳು ಬರೆಯಬೇಡ.

ಹರಕೆಯನ್ನು ಸ್ವಲ್ಪ ದಿನ ತಡೆ. ಮಾರಮ್ಮ ಎಲ್ಲೂ ಓಡಿಹೋಗುವುದಿಲ್ಲ.

ಅಕ್ಕ

ಚಳ್ಳಕೆರೆ
25-11-2024

ಅಕ್ಕಾ,

ನಿನ್ನ ಕಾಗದ ಎರಡು ಸಲ ಓದಿದೆ. ಬೈಗುಳವೂ ಇಲ್ಲ, ನಗುವೂ ಇಲ್ಲ. ಅಷ್ಟು ಕೆಟ್ಟದಾಗಿದೆಯೇ ನಿನ್ನ ಆರೋಗ್ಯ? ಡಾಕ್ಟರು ಹೇಳಿದ್ದರಲ್ಲಿ ಅರ್ಧ ನೀನು ಮುಚ್ಚಿಟ್ಟಿದ್ದೀಯ. ನನಗೆ ಗೊತ್ತು, ಚಿಕ್ಕಂದಿನಿಂದಲೂ ನೀನು ಹೀಗೇ.

ಚಿತ್ರದುರ್ಗಕ್ಕೆ ಬಂದೇ ಬರುತ್ತೇನೆ, ಆದರೆ ಹರಕೆ ತೀರಿಸಿ ಬರುತ್ತೇನೆ. ದೇವರಿಗೆ ಹೇಳಿದ ಕೆಲಸ ಬಾಕಿ ಇಟ್ಟುಕೊಂಡು ನಿನ್ನನ್ನು ಪರೀಕ್ಷೆಗೆ ಮಲಗಿಸಲು ನನಗೆ ಧೈರ್ಯವಿಲ್ಲ. ನನಗೆ ಪರೀಕ್ಷೆ ಯಾಕೆ? ಏನೂ ತೊಂದರೆ ಇಲ್ಲ ಎಂದು ಅಷ್ಟು ದೊಡ್ಡ ವ್ಯಾನಿನವರು ಬರೆದಿದ್ದಾರೆ. ಕಾಲು ಊದುವುದಿಲ್ಲ, ಉಸಿರು ಕಟ್ಟುವುದಿಲ್ಲ. ನಿನ್ನ ಚಿಂತೆ ನೀನು ಮಾಡು.

ಹಾಸ್ಟೆಲಿಗೆ ಗುತ್ತಿಗೆಯವರು ಬರುವ ತಿಂಗಳು ಹೊಸದಾಗಿ ಹೆಸರು ಬರೆದುಕೊಳ್ಳುತ್ತಾರೆ. ಈಗ ರಜೆ ಎಂದರೆ ಬೇರೆಯವರನ್ನು ತೆಗೆದುಕೊಳ್ಳುತ್ತಾರೆ. ಒಂದು ಮಂಗಳವಾರ ಮಾತ್ರ ಹೇಗೋ ಹೊಂದಿಸಿಕೊಳ್ಳುತ್ತೇನೆ.

ರೇಣುಕ

ಮೊಳಕಾಲ್ಮೂರು
2-12-2024, ಸೋಮವಾರ

ರೇಣಿ, ನನ್ನ ಬಂಗಾರ,

ಒಂದು ವಾರದಲ್ಲಿ ನಾಲ್ಕು ಕಾಗದ ಬರೆದು ಹರಿದು ಹಾಕಿದೆ. ಇದು ಐದನೆಯದು. ಎದುರಿಗೆ ಬಂದೇ ಹೇಳಬೇಕೆಂದಿದ್ದೆ. ಎದುರಿಗೆ ನಿಂತರೆ ನಾನು ಅಳುತ್ತೇನೆ, ನೀನು ಕೂಗುತ್ತೀಯ, ನೀನು ಕೂಗಿದ್ದು ನನಗೆ ಕೇಳುವುದಿಲ್ಲ. ಮೊದಲು ಇದನ್ನು ಓದು. ನಾಡಿದ್ದು ಬುಧವಾರ ಮೊದಲ ಬಸ್ಸಿಗೆ ನಾನೇ ಬರುತ್ತೇನೆ.

ರಾಯದುರ್ಗದಲ್ಲಿ ಆದದ್ದನ್ನು ನಾನು ನಿನಗೆ ಪೂರ್ತಿ ಬರೆಯಲಿಲ್ಲ. ಡಾಕ್ಟರು ಆ ಕಪ್ಪು ಹಾಳೆಯನ್ನು ದೀಪಕ್ಕೆ ಹಿಡಿದು ಒಂದು ಸಲ ಅದನ್ನು ನೋಡಿದರು, ಒಂದು ಸಲ ನನ್ನ ಕುತ್ತಿಗೆ ನೋಡಿದರು. "ಅಮ್ಮಾ, ಮೀ ತಾಳಿ ಎಕ್ಕಡ?" ಎಂದು ಕೇಳಿದರಂತೆ. ತೇಜಶ್ರೀ ಸ್ಲೇಟಿನ ಮೇಲೆ ಬರೆದು ತೋರಿಸಿದಳು. ನಾನು, "ಯಜಮಾನ್ರು ಹೋಗಿ ಎಂಟು ವರ್ಷಾತು ಸಾರ್. ಇನ್ನೆಲ್ಲೈತೆ ತಾಳಿ?" ಎಂದೆ. ಅವರು ನನ್ನನ್ನು ಹತ್ತಿರ ಕರೆದು ಹಾಳೆಯ ಮೇಲೆ ಬೆರಳಿಟ್ಟರು. ಪಕ್ಕೆಲುಬುಗಳ ನಡುವೆ ಎರಡು ಬಿಳಿ ಗುಂಡು ಬೊಟ್ಟು. ಅದರ ಕೆಳಗೆ ಮೂರು ಪಿನ್ನು. ಒಂದು ದೊಡ್ಡದು, ಎರಡು ಚಿಕ್ಕವು, ಚಿಕ್ಕದರಲ್ಲಿ ಒಂದು ಸೊಟ್ಟ.

ಆ ಸೊಟ್ಟ ಪಿನ್ನು ನನಗೆ ಗೊತ್ತಿಲ್ಲವೇ? ಆ ದಿನ ಬೆಳಿಗ್ಗೆ ನನ್ನ ಕಾಲಿನ ಮುಳ್ಳನ್ನು ಅದರಲ್ಲೇ ತೆಗೆದು, ಮತ್ತೆ ತಾಳಿಗೆ ಸಿಕ್ಕಿಸಿಕೊಂಡವಳು ನೀನು.

ನಾವು ಮಾಡಿದ ತಪ್ಪು ಇಷ್ಟೇ. ಚೀಟಿ ಕೊಡುವಾಗಲೇ ಅವರು ನಂಬರಿನ ಮುಂದೆ ಹೆಸರು ಬರೆದುಕೊಂಡಿದ್ದರು. ನಾನು ನನ್ನ ಸರದಿಯನ್ನು ನಿನಗೆ ಕೊಟ್ಟೆ, ಹೆಸರು ಅದರ ಜೊತೆಗೇ ಹೋಯಿತು. ನಿನ್ನನ್ನು ದುರುಗಮ್ಮ ಎಂದು ಕರೆದಾಗ ನನ್ನ ಸರದಿ ತಾನೇ ಎಂದು ನೀನು ಎದ್ದು ಹೋದೆ. ನನ್ನನ್ನು ರೇಣುಕಮ್ಮ ಎಂದು ಕರೆದಿರಬೇಕು, ನನಗೆ ಅದು ಕೇಳಲೇ ಇಲ್ಲ, ಚೀಟಿ ತೋರಿಸಿ ಒಳಗೆ ಹೋದೆ. ಏನೂ ತೊಂದರೆ ಇಲ್ಲದ ಎದೆ ನನ್ನದು. ಹಿಗ್ಗಿರುವ ಎದೆ ನಿನ್ನದು ರೇಣಿ.

ಡಾಕ್ಟರು ಕೇಳಿದರು, ಆಕೆಗೆ ನಡೆದರೆ ಉಸಿರು ಕಟ್ಟುತ್ತದೆಯೇ, ಕಾಲು ಊದುತ್ತದೆಯೇ, ಮಲಗಿದರೆ ಕೆಮ್ಮು ಬರುತ್ತದೆಯೇ ಎಂದು. ನಿನ್ನ ಕಾಗದಗಳೆಲ್ಲ ನನ್ನ ಕಣ್ಣ ಮುಂದೆ ಬಂದವು. ದೊಡ್ಡ ಚಪ್ಪಲಿ, ಸೂರಮ್ಮನ ಮುದ್ದೆ, ಗೋಡೆಗೆ ಒರಗಿದ ನಿದ್ದೆ. ನೀನು ಎಲ್ಲವನ್ನೂ ಬರೆದಿದ್ದೆ, ನಾನು ಓದಿ ನಕ್ಕಿದ್ದೆ. ಚಿಕ್ಕಂದಿನಲ್ಲಿ ಕೀಲು ಊದಿ ಜ್ವರ ಬಂದಿತ್ತೇ ಎಂದೂ ಕೇಳಿದರು. ಒಂದು ಬೇಸಿಗೆಯೆಲ್ಲ ನಿನ್ನನ್ನು ಸಿದ್ದಾಪುರದ ಗುಡ್ಡದ ದಾರಿಯಲ್ಲಿ ಬೆನ್ನ ಮೇಲೆ ಹೊತ್ತು ತಿರುಗಿದವಳು ನಾನಲ್ಲವೇ? ಇತ್ತು ಎಂದೆ. ಆ ಜ್ವರ ಕೆಲವರಿಗೆ ಒಳಗಿನ ಕವಾಟವನ್ನು ಕಚ್ಚಿ ಹೋಗುತ್ತದಂತೆ, ಎಷ್ಟೋ ವರ್ಷದ ಮೇಲೆ ಕಾಣುತ್ತದಂತೆ. ಹಾಗೇ ಎಂದು ಎಕೋ ಮಾಡದೆ ಹೇಳಲಾಗದು, ಆದರೆ ತಡ ಮಾಡಬೇಡಿ, ಭಾರ ಹೊರಿಸಬೇಡಿ, ದೂರ ನಡೆಸಬೇಡಿ ಎಂದರು.

ನಿನಗೆ ಹೆದರಿಕೆಯಾಗಬಾರದೆಂದು, ನನಗೇ ಎಂದು ಸುಳ್ಳು ಹೇಳಿ ನಿನ್ನನ್ನು ಕರೆದೊಯ್ಯಲು ನೋಡಿದೆ. ಅದು ಆಗಲಿಲ್ಲ. ಈಗ ಕೈ ಮುಗಿದು ಕೇಳುತ್ತೇನೆ. ಗೌರಸಮುದ್ರಕ್ಕೆ ನಡೆಯಬೇಡ. ಒಂದು ಹೆಜ್ಜೆಯನ್ನೂ ಇಡಬೇಡ. ಮಾರಮ್ಮನಿಗೆ ನಾನು ಉತ್ತರ ಹೇಳುತ್ತೇನೆ. ಗುರುವಾರಕ್ಕೆ ಚಿತ್ರದುರ್ಗದಲ್ಲಿ ನಿನ್ನ ಹೆಸರು ಬರೆಸಿದ್ದೇನೆ, ಈ ಸಲ ನಿನ್ನ ಹೆಸರೇ.

ಇವತ್ತು ಸಂಜೆಯೊಳಗೆ ಇದು ನಿನ್ನ ಕೈಯಲ್ಲಿರಬೇಕೆಂದು ಬಾಲರಾಜನಿಗೆ ಹೇಳಿದ್ದೇನೆ. ವಿಷಯ ಏನೆಂದು ಅವನಿಗೆ ಹೇಳಿಲ್ಲ.

ನಿನ್ನ ಅಕ್ಕ

ಚಳ್ಳಕೆರೆ
16-12-2024

ಅಕ್ಕಾ,

ನೀನು ಬಸ್ಸು ಹತ್ತಿ ಎರಡು ದಿನವಾಯಿತು. ಹತ್ತು ದಿನ ನನ್ನ ಮಂಚದ ಪಕ್ಕದಲ್ಲೇ ಇದ್ದೆ, ಆದರೂ ಒಂದು ಮಾತನ್ನು ನಿನಗೆ ಹೇಳಲಾಗಲಿಲ್ಲ. ಆಸ್ಪತ್ರೆಯಲ್ಲಿ ಕೂಗಿದರೆ ಇಡೀ ವಾರ್ಡಿಗೆ ಕೇಳುತ್ತದೆ, ನಿನಗೆ ಮಾತ್ರ ಕೇಳುವುದಿಲ್ಲ. ಸ್ಲೇಟಿನ ಮೇಲೆ ಬರೆಯಲು ಕೈ ಬರಲಿಲ್ಲ.

ನಿನ್ನ ಕಾಗದ ಮಂಗಳವಾರ ಮಧ್ಯಾಹ್ನ ತಲುಪಿತು, ಅಷ್ಟರಲ್ಲಿ ನಾನು ಹೊರಟಾಗಿತ್ತು ಎಂದು ನೀನು ತಿಳಿದಿದ್ದೀಯ. ಹಾಗೆಂದೇ ಬಸ್‌ಸ್ಟ್ಯಾಂಡಿನಲ್ಲಿ ಬಾಲರಾಜನಿಗೆ ಹಿಡಿಶಾಪ ಹಾಕಿದೆಯಂತೆ. ಪಾಪ, ಅವನು ನನ್ನ ಗುಟ್ಟು ಬಿಟ್ಟುಕೊಡದೆ ಬೈಸಿಕೊಂಡ. ಅವನನ್ನು ಬೈಯಬೇಡ ಅಕ್ಕಾ. ಸೋಮವಾರ ಸಂಜೆ ಐದಕ್ಕೇ ಅವನು ಕಾಗದ ತಂದುಕೊಟ್ಟ.

"ಈಗ್ಲೇ ಓದ್ಬೇಕಂತೆ ಕಣಕ್ಕ, ದುರುಗಮ್ಮಾರು ಎಲ್ಡು ಸಲ ಹೇಳವ್ರೆ" ಎಂದ. "ನಾಳೆ ಓದ್ತೀನಿ ಹೋಗೋ, ನನಗೆ ಕೆಲಸೈತೆ" ಎಂದೆ. ನೀನು ನಡೆಯಬೇಡ ಎಂದು ಆಣೆ ಹಾಕಿರುತ್ತೀಯ ಎಂದು ನನಗೆ ಖಾತ್ರಿ ಇತ್ತು. ಓದಿದರೆ ತಾನೇ ಆಣೆ, ಓದದಿದ್ದರೆ ಎಲ್ಲಿಯ ಆಣೆ? ಹಾಗೆಂದು ಅದನ್ನು ಒಡೆಯದೆ ರವಿಕೆಯೊಳಗೆ ಇಟ್ಟುಕೊಂಡು ಮಲಗಿದೆ. ಬೆಳಿಗ್ಗೆ ಅದನ್ನೇ ಇಟ್ಟುಕೊಂಡು ನಡೆದೆ.

ನನ್ನಿವಾಳದ ದಾರಿಯಲ್ಲಿ ಬಿಸಿಲೇರುವ ಹೊತ್ತಿಗೆ ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದೆ. ಆಮೇಲೆ ಐದು ಹೆಜ್ಜೆಗೊಮ್ಮೆ. ಒಂದು ಬೇವಿನ ಮರದ ಕೆಳಗೆ ಕೂತವಳಿಗೆ ಏಳಲಾಗಲಿಲ್ಲ. ಗಾಳಿ ಬೀಸುತ್ತಿದೆ, ನನ್ನೊಳಗೆ ಮಾತ್ರ ಬರುತ್ತಿಲ್ಲ. ಇನ್ನು ಸಾಯುತ್ತೇನೆ, ಅಕ್ಕನ ಕಾಗದವನ್ನಾದರೂ ಓದಿ ಸಾಯೋಣ ಎಂದು ಒಡೆದೆ.

ಓದಿ ಮುಗಿಸುವ ಹೊತ್ತಿಗೆ ಕುರಿ ತುಂಬಿದ ಲಗೇಜು ಆಟೋ ಬಂತು. ಚಿಕ್ಕಬಸಪ್ಪ ಅಂತ, ನನ್ನಿವಾಳದವನೇ. "ಯಾಕವ್ವ ಹಿಂಗ್ ಕುಂತೀಯ? ತುಟಿ ನೋಡು ಹೆಂಗ್ ನೀಲಿ ಆಗೈತೆ!" ಎಂದವನು ನನ್ನ ಮಾತಿಗೂ ಕಾಯದೆ ಎತ್ತಿ ಕುರಿಗಳ ನಡುವೆ ಕೂರಿಸಿ ಚಳ್ಳಕೆರೆ ಆಸ್ಪತ್ರೆಗೆ ತಂದು ಇಳಿಸಿದ. ಸಂತೆಗೆ ತಡವಾಯಿತೆಂದು ಒಂದು ಮಾತು ಆಡಲಿಲ್ಲ. ಮಾರಮ್ಮನೇ ಕಳಿಸಿದಳೆಂದು ನಾನು ಅಂದುಕೊಂಡಿದ್ದೇನೆ, ನೀನು ಏನಾದರೂ ಅಂದುಕೋ.

ಇನ್ನೂ ಒಂದು ಇದೆ. ಕಾಲು ಊದುತ್ತಿತ್ತು, ಉಸಿರು ಕಟ್ಟುತ್ತಿತ್ತು, ಎರಡು ತಿಂಗಳಿಂದ. ನೀನು ನೇರವಾಗಿ ಕೇಳಿದಾಗಲೂ ಇಲ್ಲ ಎಂದು ಬರೆದೆ. ಹಾಸ್ಟೆಲಿನ ಕೆಲಸ ಹೋಗುತ್ತದೆಂದು ಹೆದರಿದ್ದೆ. ಈಗ ವಾರ್ಡನ್ ಮೇಡಂ ಅವರೇ ಬಂದು, ಗುಣವಾಗುವ ತನಕ ತರಕಾರಿ ಹೆಚ್ಚಿಕೊಂಡು ಕೂತಿರು ಎಂದಿದ್ದಾರೆ. ಅಷ್ಟಕ್ಕೆ ನಾನು ಸಾಯಲು ಹೊರಟಿದ್ದೆ ನೋಡು.

ಮಾತ್ರೆಯಿಂದ ಕಾಲಿನ ನೀರೆಲ್ಲ ಇಳಿದು ಹಳೆಯ ಚಪ್ಪಲಿ ಹಿಡಿಸುತ್ತಿದೆ. ಎಕೋದಲ್ಲಿ ಕಂಡ ಕಿರಿದಾದ ಕವಾಟವನ್ನು ಬಲೂನು ಹಾಕಿ ಬಿಡಿಸಲು ಬೆಂಗಳೂರಿನಲ್ಲಿ ಜನವರಿ ಒಂಬತ್ತಕ್ಕೆ ದಿನ ಕೊಟ್ಟಿದ್ದಾರೆ. ಎದೆ ಕೊಯ್ಯುವುದಿಲ್ಲ, ತೊಡೆಯ ನರದಿಂದ ಹೋಗುತ್ತಾರಂತೆ.

ನೀನು ಬೈದು ಬರೆಯಬೇಕು. ಬೈಯದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ರೇಣುಕ

ಮೊಳಕಾಲ್ಮೂರು
19-12-2024

ರೇಣಿ,

ಬೈಯಬೇಕೆಂದು ಕೂತೆ. ಕತ್ತೆ, ಹಟಮಾರಿ, ಮೂಢೆ, ಇನ್ನೂ ಏನೇನೋ ಬರೆದೆ, ಆಮೇಲೆ ಹೊಡೆದು ಹಾಕಿದೆ. ಸಂತೆಗೆ ಹೋಗುವಾಗ ಬಸ್ಸಿನಲ್ಲೇ ಬಾಲರಾಜನ ಹತ್ತಿರ ಕ್ಷಮೆ ಕೇಳಿದೆ. ಅವನು ನಕ್ಕು ಅರ್ಧ ಟಿಕೆಟ್ ಹರಿದು ಕೊಟ್ಟ, ನಾನು ಬೇಡ ಎಂದು ಪೂರ್ತಿ ದುಡ್ಡು ಕೊಟ್ಟೆ.

ನೀನು ಮುಚ್ಚಿಟ್ಟದ್ದನ್ನು ಹೇಳಿದೆ. ನನ್ನದೂ ಒಂದು ಉಳಿದಿದೆ. ಇದನ್ನು ಓದಿದ ಮೇಲೆ ನನ್ನನ್ನು ಅಕ್ಕ ಎಂದು ಕರೆಯಬೇಕೋ ಬೇಡವೋ ನೀನೇ ನೋಡು.

ಆ ದಿನ ರಾಯದುರ್ಗದಲ್ಲಿ ಡಾಕ್ಟರು, "ಇದಿ ಮೀ ಫೋಟೋ ಕಾದಮ್ಮಾ" ಎಂದು ತಲೆಯಾಡಿಸಿದಾಗ, ಇದು ನನ್ನದಲ್ಲ ಎಂದು ತೇಜಶ್ರೀ ಸ್ಲೇಟಿನ ಮೇಲೆ ಬರೆದಾಗ, ನನಗೆ ಸಂತೋಷವಾಯಿತು. ಆ ಪಿನ್ನುಗಳನ್ನು ಆಗಲೇ ನೋಡಿದ್ದೆ. ಯಾರವೆಂದು ಗೊತ್ತಾಗಿತ್ತು. ಗೊತ್ತಾದ ಮೇಲೂ ಒಂದು ಗಳಿಗೆ, ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುವಷ್ಟು ಹೊತ್ತು, ನಾನು ಸಾಯುವುದಿಲ್ಲ ಎಂದು ಹಿಗ್ಗಿದೆ ರೇಣಿ. ಕುರ್ಚಿ ಹಿಡಿದುಕೊಂಡು ನಕ್ಕೆನಂತೆ. ತೇಜಶ್ರೀ ನೋಡಿದ್ದಾಳೆ. ಆಮೇಲೆ ಅತ್ತೆ, ಬಸ್ಸಿನ ತುಂಬ ಅತ್ತೆ, ಆದರೆ ಮೊದಲು ಬಂದದ್ದು ನಗು.

ನಿನ್ನನ್ನು ಬೆನ್ನ ಮೇಲೆ ಹೊತ್ತು ಬೆಳೆಸಿದವಳು ನಾನು. ಅವ್ವ ಸಾಯುವಾಗ ನಿನ್ನ ಕೈಯನ್ನು ನನ್ನ ಕೈಯಲ್ಲಿಟ್ಟು ಹೋದಳು. ಅಂಥವಳು ತಂಗಿಯ ಎದೆಯನ್ನು ನೋಡಿ ನನ್ನದಲ್ಲವಲ್ಲ ಎಂದು ನಕ್ಕೆ. ಅದಕ್ಕೇ ಹತ್ತು ದಿನ ನಿನಗೆ ನಿಜ ಬರೆಯಲಾಗಲಿಲ್ಲ. ನಿನಗೆ ಹೆದರಿಕೆಯಾಗಬಾರದೆಂದು ತಡ ಮಾಡಿದೆ ಎಂದದ್ದು ಅರ್ಧ ನಿಜ. ನಾಚಿಕೆಯಾಗಿ ತಡ ಮಾಡಿದೆ. ಆ ತಡದಲ್ಲೇ ನೀನು ದಾರಿಯಲ್ಲಿ ಸಾಯುವಂತಾಯಿತು.

ಮಗ್ಗದ ಕೆಲಸ ಮುಗಿಸಿದ್ದೇನೆ. ಸೀರೆ ಮುರುಗೇಂದ್ರಪ್ಪನವರ ಮನೆ ಸೇರಿತು. ಬೆಂಗಳೂರಿಗೆ ನಾನು ಜೊತೆಗೆ ಬರಬೇಕೋ ಬೇಡವೋ, ಬರೆ. ಬೇಡ ಅಂದರೂ ನನಗೆ ಬೇಸರವಿಲ್ಲ.

ದುರುಗಮ್ಮ

ಚಳ್ಳಕೆರೆ
21-12-2024

ಅಕ್ಕಾ, ಅಕ್ಕಾ, ಅಕ್ಕಾ,

ಮೂರು ಸಲ ಕರೆದಿದ್ದೇನೆ, ಸಾಕೇ?

ನಿನ್ನ ಕಾಗದವನ್ನು ಬಾಲರಾಜ ಕೊಟ್ಟ ಕೂಡಲೇ ಓದಿದೆ, ಅವನ ಎದುರಿಗೇ. ಬುದ್ಧಿ ಬಂದಿದೆ ನನಗೆ.

ಆ ಬೇವಿನ ಮರದ ಕೆಳಗೆ ನಿನ್ನ ಕಾಗದ ಓದಿದಾಗ ನನಗೆ ಏನಾಯಿತೆಂದು ನಾನು ಬರೆದಿರಲಿಲ್ಲ. ಹಿಗ್ಗಿರುವ ಎದೆ ನಿನ್ನದು ರೇಣಿ ಎಂಬ ಸಾಲು ಬಂತು. ಉಸಿರಿಲ್ಲ, ತುಟಿ ನೀಲಿ, ಹತ್ತಿರ ಒಂದು ನರಪಿಳ್ಳೆಯೂ ಇಲ್ಲ. ನಾನು ಹೆದರಬೇಕಿತ್ತು. ಹೆದರಲಿಲ್ಲ. ಅದರ ಹಿಂದಿನ ಸಾಲಿಗೆ ಮತ್ತೆ ಹೋದೆ, ಏನೂ ತೊಂದರೆ ಇಲ್ಲದ ಎದೆ ನನ್ನದು ಎಂದು ನೀನು ಬರೆದಿದ್ದೆಯಲ್ಲ, ಅದನ್ನೇ ಓದಿದೆ, ಮತ್ತೆ ಮತ್ತೆ ಅದನ್ನೇ ಓದಿದೆ. ನಮ್ಮಕ್ಕ ಬದುಕಿದಳು ಎಂದು ಎಷ್ಟು ಸಂತೋಷವಾಯಿತೆಂದರೆ ಅಲ್ಲೇ ಕೂತು ಜೋರಾಗಿ ಅತ್ತೆ. ಚಿಕ್ಕಬಸಪ್ಪ ಆಟೋ ನಿಲ್ಲಿಸಿದ್ದು ನಾನು ಕೂತದ್ದನ್ನು ನೋಡಿ ಅಲ್ಲ, ಆ ಅಳು ಕೇಳಿ. ಕುರಿ ಕೂಗುವ ಗಲಾಟೆಯಲ್ಲೂ ಅವನಿಗೆ ಕೇಳಿಸಿತಂತೆ. ಸುಮ್ಮನೆ ಕೂತಿದ್ದರೆ ಯಾರೋ ನೆರಳಿಗೆ ಕೂತಿದ್ದಾರೆ ಎಂದು ಹೋಗಿಬಿಡುತ್ತಿದ್ದನಂತೆ, ಮೊನ್ನೆ ನೋಡಲು ಬಂದಾಗ ಅವನೇ ಹೇಳಿದ.

ನೀನು ಸಂತೋಷಪಟ್ಟದ್ದು ದುರುಗಕ್ಕ ಬದುಕಿದಳೆಂದು. ನಾನು ಸಂತೋಷಪಟ್ಟದ್ದೂ ಅದಕ್ಕೇ. ಇದರಲ್ಲಿ ನಿನಗೆ ನಾಚಿಕೆ ಯಾಕೆ?

ಜನವರಿ ಎಂಟಕ್ಕೆ ಬೆಳಿಗ್ಗೆ ಆರೂವರೆಯ ಬಸ್ಸು. ಹಿಂದಿನ ದಿನವೇ ಬಂದುಬಿಡು, ನಿನಗೆ ಕಿಟಕಿ ಪಕ್ಕದ ಸೀಟು.

ರೇಣಿ